ಪಟ್ಟಿಗೊಂದು ಕಿವಿ ಬಿಡಿ: ಆಪರೇಷನ್ ವೇಳೆ ಅಂಟುಪಟ್ಟಿಯಿಂದ ತೊಗಲು ಕೀಳದಂತೆ ನೋಡಿಕೊಳ್ಳುವುದು ಹೇಗೆ?

ತೊಡೆಯ ಮೂಳೆ ಮುರಿದ ಅಜ್ಜಿಯೊಬ್ಬರನ್ನು ರೋಣದ ಕಡೆಯಿಂದ ಗದಗಿಗೋ ಹುಬ್ಬಳ್ಳಿಗೋ ಕರೆತರುತ್ತಾರೆ. ಆಪರೇಷನ್ ಚೆನ್ನಾಗಿ ಆಗುತ್ತದೆ. ಎಕ್ಸ್‌ರೇಯಲ್ಲಿ ರಾಡು ನೆಟ್ಟಗೆ ಕೂತಿರುತ್ತದೆ, ಹೊಲಿಗೆಯೂ ಸರಿಯಾಗಿರುತ್ತದೆ. ಎರಡನೆಯ ದಿನ ಮಗಳು ಸೀರೆ ಸರಿಸಿ ನೋಡಿದರೆ ಗಾಯದಿಂದ ಒಂದು ಗೇಣು ದೂರದಲ್ಲಿ ಅಂಗೈಯಗಲ ತೊಗಲು ಸುಲಿದು ಕೆಂಪಗೆ ಜಿನುಗುತ್ತಿದೆ. "ಆಪರೇಷನ್ ಮಾಡಿದ್ದು ಇಲ್ಲಿ, ತೊಗಲು ಹೋಗಿದ್ದು ಅಲ್ಲಿ. ಯಾಕ್ರೀ ಸಿಸ್ಟರ್?"

ಆ ಜಾಗದಲ್ಲಿ ಪಟ್ಟಿ ಇತ್ತು. ಯಾರೋ ಅದನ್ನು ಎಳೆದು ಹಚ್ಚಿದರು, ಇಲ್ಲವೇ ಎತ್ತಿ ಕಿತ್ತರು. ಅಷ್ಟೇ ಕಾರಣ.

ವಾರ್ಡಿನಲ್ಲಿ ಎಚ್ಚರವಿರುವವರ ಕೈಯಿಂದ ಪಟ್ಟಿ ತೆಗೆಯುವಾಗ ಅವರು "ಯವ್ವಾ, ಸಾವಕಾಶ ಬೇ" ಅನ್ನುತ್ತಾರೆ, ನಮ್ಮ ಕೈ ತಾನಾಗಿಯೇ ನಿಧಾನವಾಗುತ್ತದೆ. ಥಿಯೇಟರ್‌ನಲ್ಲಿ ಆ ಬ್ರೇಕ್ ಇಲ್ಲ. ಅರಿವಳಿಕೆಯಲ್ಲಿರುವವರು ಕೂಗುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಸೊಂಟದ ಕೆಳಗೆ ಏನು ಕಿತ್ತರೂ ಗೊತ್ತಾಗುವುದಿಲ್ಲ. ಮುಂದಿನ ಕೇಸು ಬಾಗಿಲಲ್ಲಿ ಕಾಯುತ್ತಿರುತ್ತದೆ, ಎಲ್ಲರಿಗೂ ಅವಸರ. ಹಾಗಾಗಿ ನೋವು ಮಾಡುವ ಕಾವಲು ಕೆಲಸವನ್ನು ಅಲ್ಲಿ ಪದ್ಧತಿ ಮಾಡಬೇಕು. ಆ ಪದ್ಧತಿಯನ್ನೇ ಇಲ್ಲಿ ಬಿಡಿಸಿ ಬರೆದಿದ್ದೇವೆ. ಥಿಯೇಟರ್ ಮತ್ತು ವಾರ್ಡಿನ ಸಿಬ್ಬಂದಿಗೆ ಪೂರ್ತಿ ಲೇಖನ, ರೋಗಿಯ ಮನೆಯವರಿಗೆ ಮುಖ್ಯವಾಗಿ ಕೊನೆಯ ಭಾಗ.

ಒಳಗೆ ಏನಾಗುತ್ತದೆ

ಪಟ್ಟಿ ತೆಗೆದಾಗಲೆಲ್ಲ ಮೇಲ್ಪದರದ ಕೆಲವು ಸತ್ತ ಕೋಶಗಳು ಅದರ ಜೊತೆ ಬರುತ್ತವೆ. ಅದು ಸಹಜ. ಅದೇ ಜಾಗದಲ್ಲಿ ಮತ್ತೆ ಮತ್ತೆ ಹಚ್ಚಿ ತೆಗೆದರೆ ಉಳ್ಳಾಗಡ್ಡಿ ಸುಲಿದಂತೆ ಪದರದ ಮೇಲೆ ಪದರ ಹೋಗಿ ಹಸಿ ತೊಗಲು ಕಾಣಿಸುತ್ತದೆ. ಇದು ಸುಲಿತ.

ಗುಳ್ಳೆಯ ಕತೆ ಬೇರೆ. ಜೋಳದ ರೊಟ್ಟಿ ಉಬ್ಬಿದಾಗ ಮೇಲಿನ ಪದರ ಕೆಳಗಿನದನ್ನು ಬಿಟ್ಟು ಏಳುವುದನ್ನು ನೋಡಿದ್ದೀರಲ್ಲ, ಹಾಗೆ. ಪಟ್ಟಿಯನ್ನು ಎಳೆದು ಹಚ್ಚಿದರೆ ಅದು ಹಿಂದಕ್ಕೆ ಕುಗ್ಗಲು ನೋಡುತ್ತದೆ, ಅಂಟಿಕೊಂಡ ಮೇಲ್ಪದರವನ್ನೂ ತನ್ನೊಂದಿಗೆ ಎಳೆಯುತ್ತದೆ. ಇಷ್ಟರ ಮೇಲೆ ಆಪರೇಷನ್ ಆದ ಸೊಂಟ, ಮೊಣಕಾಲು ಬಾತರೆ ಚರ್ಮ ಹಿಗ್ಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ. ಎರಡು ಪದರಗಳ ನಡುವೆ ಬಿರುಕು ಬಿಟ್ಟು ನೀರು ತುಂಬುತ್ತದೆ. ಇಂಥ ಗುಳ್ಳೆಗಳು ಹೆಚ್ಚಾಗಿ ಪಟ್ಟಿಯ ಎರಡು ತುದಿಗಳಲ್ಲೇ ಏಳುವುದು ಇದಕ್ಕೇ.

ಮೂರನೆಯದು ತೊಗಲು ಹರಿಯುವುದು. ವಯಸ್ಸಾದಂತೆ ಮೇಲಿನ ಮತ್ತು ಕೆಳಗಿನ ಪದರಗಳನ್ನು ಬೆಸೆಯುವ ಏರಿಳಿತಗಳು ಸಪಾಟಾಗಿ ಹಿಡಿತ ಸಡಿಲವಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಆ ಹಿಡಿತ ಇನ್ನೂ ಬಲಿತೇ ಇರುವುದಿಲ್ಲ. ಇವರಿಬ್ಬರಲ್ಲೂ ಪಟ್ಟಿಯ ಜೊತೆ ತೊಗಲಿನ ತುಂಡೇ ಬರಬಹುದು.

ಇವಲ್ಲದೆ ಬೆವರು ಕಟ್ಟಿಕೊಂಡು ಬೆಳ್ಳಗೆ ಮೆತ್ತಗಾಗುವುದು, ಕೂದಲ ಬುಡದಲ್ಲಿ ಕುರು ಏಳುವುದು, ಅಲರ್ಜಿ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನೊಂದೇ ಇರುವ ವಾರ್ಡಿದ್ದರೆ ಮೊದಲೆರಡು ಹೆಚ್ಚು.

ಪಟ್ಟಿ ತೆಗೆದ ಮೇಲಿನ ಎಲ್ಲ ಕೆಂಪೂ ಗಾಯವಲ್ಲ. ತೆಗೆದು 30 ನಿಮಿಷ ಕಳೆದರೂ ಗುರುತು ಉಳಿದಿದ್ದರೆ ಅದನ್ನು ಪಟ್ಟಿಯ ಗಾಯ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಪುಸ್ತಕದಲ್ಲಿ ಬರೆದ ಆ "ಕೆಂಪು" ನಮ್ಮ ಕಪ್ಪು, ಎಣ್ಣೆಗೆಂಪು ಮೈಬಣ್ಣದಲ್ಲಿ ಕಾಣಿಸುವುದು ಕಷ್ಟ. ಹೊಲದ ಬಿಸಿಲಿನಲ್ಲಿ ದುಡಿದ ಮೈಯಲ್ಲಂತೂ ಅದು ನೇರಳೆಯಾಗಿ, ಸುತ್ತಲಿಗಿಂತ ಕಡುಗಪ್ಪಾಗಿ, ಕೆಲವೊಮ್ಮೆ ಬರೀ ಹೊಳಪಾಗಿ ಕಾಣುತ್ತದೆ. ಬೆರಳ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ ನೋಡಿ, ಇನ್ನೊಂದು ಕಾಲಿನ ಅದೇ ಜಾಗದೊಂದಿಗೆ ಹೋಲಿಸಿ. ದೀಪದ ಬೆಳಕು ಓರೆಯಾಗಿ ಬೀಳಲಿ.

ಹಿಂದಿನ ದಿನವೇ ಕೇಳಿ, ನೋಡಿ

"ಪ್ಲಾಸ್ಟರ್ ಅಲರ್ಜಿ ಇದೆಯಾ?" ಎಂದು ಕೇಳಿದರೆ ಬಹುತೇಕರು ಇಲ್ಲ ಅನ್ನುತ್ತಾರೆ, ಮುಂದಿನ ಖಾನೆಗೆ ಹೋಗುತ್ತೇವೆ. ಪ್ರಶ್ನೆಯನ್ನೇ ಬದಲಿಸಿ: "ಅಜ್ಜೀ, ಟಿಕಳಿ ಹಚ್ಚಿದಲ್ಲಿ ಎಂದಾದರೂ ತುರಿಸಿತ್ತೇನ್ರಿ? ಬಣ್ಣ ಹೋಗಿತ್ತೇನ್ರಿ?" ಟಿಕಳಿಯ ಅಂಟಿಗೆ ಹಣೆಯಲ್ಲಿ ಕಜ್ಜಿ ಎದ್ದವರು, ಬಿಳಿ ಕಲೆ ಬಿದ್ದವರು ನಮ್ಮಲ್ಲಿ ಕಡಿಮೆ ಇಲ್ಲ, ಆದರೆ ಅದನ್ನು ಅವರು ಅಲರ್ಜಿ ಎಂದು ಕರೆಯುವುದಿಲ್ಲ. ಸಲಾಯಿನ್ ಹಾಕಿಸಿಕೊಂಡಾಗ ಪಟ್ಟಿಯ ಜಾಗದಲ್ಲಿ ಗುಳ್ಳೆ ಎದ್ದಿತ್ತೇ ಎಂದೂ ಕೇಳಿ.

ಆಮೇಲೆ ಮುಂಗೈ ತೋರಿಸಲು ಹೇಳಿ. ತೆಳ್ಳಗಿನ ತೊಗಲು, ಪೆಟ್ಟು ಬೀಳದಿದ್ದರೂ ನೇರಳೆ ಮಚ್ಚೆ, ಹಳೆಯ ಹರುಕಿನ ಬಿಳಿ ಗುರುತು ಇವುಗಳಲ್ಲಿ ಒಂದು ಕಂಡರೂ ಕೇಸ್‌ಶೀಟಿನ ಮೊದಲ ಪುಟದಲ್ಲಿ "ತೊಗಲು ಸೂಕ್ಷ್ಮ" ಎಂದು ಬರೆಯಿರಿ. ದಮ್ಮಿಗೋ ಸಂಧಿವಾತಕ್ಕೋ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗುತ್ತಿರುವವರು, ಶುಗರ್ ಇರುವವರು, ರಕ್ತ ತೆಳುವಾಗಿಸುವ ಗುಳಿಗೆಯವರು, ಕಾಲು ಬಾತವರು, ಊಟ ಬಿಟ್ಟು ಸೊರಗಿದವರು, ಕರೆಂಟ್ (ರೇಡಿಯೇಷನ್) ಕೊಡಿಸಿಕೊಂಡ ಕ್ಯಾನ್ಸರ್ ರೋಗಿಗಳು ಇದೇ ಸಾಲಿಗೆ ಸೇರುತ್ತಾರೆ.

ಆಪರೇಷನ್ ದಿನ ಮೈಗೆ ಕೊಬ್ಬರಿ ಎಣ್ಣೆ, ಅರಿಷಿಣ ಬೇಡ ಎಂದು ಮುಂಚೆಯೇ ಹೇಳಬೇಕು. ಎಣ್ಣೆಯ ಮೇಲೆ ಪಟ್ಟಿ ನಿಲ್ಲುವುದಿಲ್ಲ. ನಿಲ್ಲದಾಗ ಯಾರೋ ಇನ್ನೂ ದಪ್ಪ ಪ್ಲಾಸ್ಟರ್ ತಂದು ಇನ್ನೂ ಬಿಗಿಯಾಗಿ ಹಚ್ಚುತ್ತಾರೆ, ತೊಂದರೆ ಅಲ್ಲಿಂದಲೇ ಶುರು. ಅದಕ್ಕೂ ಮುಂಚಿನ ದಿನಗಳಲ್ಲಿ ಒಣ ತೊಗಲಿಗೆ ದಿನಕ್ಕೆ ಎರಡು ಸಲ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿದರೆ ಒಳ್ಳೆಯದೇ. ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ. ಬ್ಲೇಡಿನ ಸಣ್ಣ ಗೀರುಗಳ ಮೇಲೆ ಅಂಟು ಕೂತರೆ ಉರಿ, ಕುರು ಎರಡೂ ಬರಬಹುದು.

ಯಾವ ಪಟ್ಟಿ ಎಲ್ಲಿಗೆ

ಟ್ರಾಲಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚುವುದು ನಮ್ಮ ರೂಢಿ. ಮೈಕ್ರೋಪೋರ್ ಎಂದು ಕರೆಯುವ ಕಾಗದದ ಪಟ್ಟಿ ಹಗುರ ಗಾಜಿಗೆ (ಗಾಯದ ಮೇಲಿಡುವ ಜಾಳು ಬಟ್ಟೆಗೆ) ಸಾಕು. ಗಾಳಿಯಾಡುತ್ತದೆ, ಬೆವರಿಗೆ ಬಿಡುತ್ತದೆ. ರೇಷ್ಮೆಯಂಥ ಬಟ್ಟೆಯ ಪಟ್ಟಿ, ತೂತಿನ ಪ್ಲಾಸ್ಟಿಕ್ ಪಟ್ಟಿ ಗಟ್ಟಿಯಾಗಿ ಹಿಡಿಯುತ್ತವೆ, ಹಿಗ್ಗುವುದಿಲ್ಲ. ನಳಿಗೆ ಸರಿಯದಂತೆ ಹಿಡಿಯಲು ಅವು ಬೇಕು, ಬಾವು ಬರುವ ಜಾಗಕ್ಕೆ ಬೇಡ. ಹಿಗ್ಗುವ ಮೆತ್ತನೆಯ ಬಟ್ಟೆಯ ಪಟ್ಟಿ ಸೊಂಟ, ಮೊಣಕಾಲು, ಹೊಟ್ಟೆಗೆ ಸರಿ, ಆದರೆ ಅದು ಹಿಗ್ಗುವ ದಿಕ್ಕು ಬಾವು ಬರುವ ದಿಕ್ಕಿಗೇ ಇರಬೇಕು. ಕಂದು ಬಣ್ಣದ ದಪ್ಪ ಎಲಾಸ್ಟಿಕ್ ಪ್ಲಾಸ್ಟರ್ ಒತ್ತಡ ಕೊಡಲೆಂದೇ ಮಾಡಿದ್ದು. ಅಜ್ಜಿಯ ಸೊಂಟದ ಡ್ರೆಸ್ಸಿಂಗಿಗೆ ಅದನ್ನು ಬಿಗಿಯುವುದು ನಮ್ಮ ಮಟ್ಟಿಗೆ ತಪ್ಪೇ.

ಸಿಲಿಕೋನ್ ಪಟ್ಟಿ ದುಬಾರಿ. ಬಹಳಷ್ಟು ಪಟ್ಟಿಗಳಲ್ಲಿರುವ ಅಕ್ರಿಲಿಕ್ ಅಂಟು ಹೊತ್ತು ಕಳೆದಂತೆ, ಮೈಬಿಸಿ ತಾಗಿದಂತೆ ಇನ್ನಷ್ಟು ಬಿಗಿಯಾಗುತ್ತದೆ. ಸಿಲಿಕೋನಿನ ಹಿಡಿತ ಹೆಚ್ಚುಕಡಿಮೆ ಹಚ್ಚಿದಾಗ ಇದ್ದಷ್ಟೇ ಇರುತ್ತದೆ, ತೆಗೆಯುವಾಗ ಸಲೀಸಾಗಿ ಬಿಡುತ್ತದೆ. ಎಲ್ಲರಿಗೂ ಕೊಡಲಾಗದಿದ್ದರೆ "ತೊಗಲು ಸೂಕ್ಷ್ಮ" ಎಂದು ಬರೆದವರಿಗೆ ಮತ್ತು ಕೂಸುಗಳಿಗೆ ಒಂದು ರೋಲ್ ಬೇರೆ ಇಟ್ಟಿರಿ. ಭಾರದ ನಳಿಗೆ ಹಿಡಿಯಲು ಮಾತ್ರ ಅದನ್ನು ನಂಬಬೇಡಿ.

ಹಚ್ಚುವ ಕ್ರಮ

ಮೈಗೆ ಸವರಿದ ಕ್ರಿಮಿನಾಶಕ ಮೊದಲು ಒಣಗಲಿ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ದ್ರಾವಣವಾದರೆ ಕೂದಲಿಲ್ಲದ ಚರ್ಮದಲ್ಲಿ ಕನಿಷ್ಠ 3 ನಿಮಿಷ. ಪೊವಿಡೋನ್ ಅಯೋಡಿನ್ ಆದರೆ ಮಿಂಚು ಹೋಗಿ ಕಂದು ಬಣ್ಣ ಮಂಕಾಗುವವರೆಗೆ. ಒರೆಸಿ ಒಣಗಿಸಬೇಡಿ, ಬೀಸಬೇಡಿ. ಹಸಿ ದ್ರಾವಣ ಅಂಟಿನಡಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಚರ್ಮವನ್ನು ಸುಡುತ್ತದೆ. ಹರಿದು ಬೆನ್ನಡಿ, ಸೊಂಟದಡಿ ಸೇರಿದ್ದನ್ನು ಡ್ರೇಪ್ (ಆಪರೇಷನ್ ವೇಳೆ ಮೈ ಮುಚ್ಚುವ ಹೊದಿಕೆ) ಹಾಕುವ ಮುಂಚೆ ತೆಗೆಯಿರಿ. ಸ್ಪಿರಿಟ್ ಇದ್ದರೆ ಕಾಟರಿಯ (ಕರೆಂಟಿನಿಂದ ಕತ್ತರಿಸಿ ರಕ್ತ ನಿಲ್ಲಿಸುವ ಸಾಧನದ) ಕಿಡಿಗೆ ಬೆಂಕಿಯ ಅಪಾಯವೂ ಇದೆ.

ಸೂಕ್ಷ್ಮ ತೊಗಲಿಗೆ ಸ್ಪಿರಿಟ್ ಇಲ್ಲದ ಬ್ಯಾರಿಯರ್ ಫಿಲ್ಮ್ ಒಂದು ಪದರ ಸವರಿ, ಪೂರ್ತಿ ಒಣಗಲು ಬಿಡಿ. ಪಟ್ಟಿ ತೆಗೆದಾಗ ತೊಗಲಿನ ಬದಲು ಆ ಫಿಲ್ಮ್ ಏಳುತ್ತದೆ. ಟಿಂಕ್ಚರ್ ಬೆಂಜಾಯಿನ್ ಇದರ ನೇರ ವಿರುದ್ಧ: ಅದು ಹಿಡಿತ ಹೆಚ್ಚಿಸುತ್ತದೆ, ತೆಗೆಯುವಾಗ ತೊಗಲನ್ನೂ ತರುತ್ತದೆ. ಮುದುಕರಿಗೂ ಕೂಸುಗಳಿಗೂ ಅದನ್ನು ಮುಟ್ಟಿಸಬೇಡಿ.

ಈಗ ಪಟ್ಟಿ. ಬೇಕಾದಷ್ಟು ಉದ್ದ ಕತ್ತರಿಸಿ ಕೈಯಲ್ಲಿ ಹಿಡಿದುಕೊಳ್ಳಿ, ರೋಲಿನಿಂದ ಎಳೆಯುತ್ತಾ ಮೈಗೆ ಹಚ್ಚಬೇಡಿ; ರೋಲಿನ ಎಳೆತವೇ ಚರ್ಮಕ್ಕೆ ವರ್ಗವಾಗುತ್ತದೆ. ಒಂದು ತುದಿಯನ್ನು ಒಂದು ಸೆಂಟಿಮೀಟರಿನಷ್ಟು ಒಳಕ್ಕೆ ಮಡಚಿ. ಅದೇ ಕಿವಿ. ಮೂರು ದಿನದ ನಂತರ ಉಗುರಿನಿಂದ ಕೆರೆದು ತುದಿ ಎಬ್ಬಿಸುವ ಕೆಲಸವನ್ನು ಈ ಕಿವಿ ತಪ್ಪಿಸುತ್ತದೆ, ಅರ್ಧದಷ್ಟು ಹರುಕು ಶುರುವಾಗುವುದೇ ಆ ಕೆರೆತದಲ್ಲಿ ಎಂದು ನಮ್ಮ ಅಂದಾಜು. ಗಾಜಿನ ನಡುವೆ ಮೊದಲು ಕೂರಿಸಿ, ಅಲ್ಲಿಂದ ಎರಡೂ ಕಡೆಗೆ ಎಳೆಯದೆ ಮಲಗಿಸಿ. ಗಾಜಿನ ಅಂಚಿನಾಚೆ ಅರ್ಧ ಇಂಚು ಚರ್ಮ ಹಿಡಿದರೆ ಸಾಕು. ಕೊನೆಗೆ ಬೆರಳಿನಿಂದ ಮೆಲ್ಲಗೆ ಒತ್ತಿ ಸವರಿ. ಈ ಅಂಟು ಹಿಡಿಯುವುದು ಒತ್ತಡದಿಂದ, ಎಳೆತದಿಂದ ಅಲ್ಲ.

ಸರಿಯಾಗಿ ಹಚ್ಚಿದ್ದೀರಾ ಎಂದು ತಿಳಿಯಲು ಅಂಚಿನ ಚರ್ಮ ನೋಡಿ. ಸಣ್ಣ ಸುಕ್ಕುಗಳು ಪಟ್ಟಿಯತ್ತ ಓಡುತ್ತಿದ್ದರೆ ಎಳೆತವಿದೆ, ತೆಗೆದು ಮತ್ತೆ ಹಚ್ಚಿ. ಕೈಕಾಲಿನ ಸುತ್ತ ಪೂರ್ತಿ ಉಂಗುರದಂತೆ ಸುತ್ತಬೇಡಿ, ಬಾತಾಗ ರಕ್ತ ಓಡಾಟಕ್ಕೇ ತಡೆಯಾಗುತ್ತದೆ. ಮೊಣಕಾಲಾದರೆ ಸ್ವಲ್ಪ ಮಡಚಿ ಹಚ್ಚಿ, ನೆಟ್ಟಗಿದ್ದಾಗ ಹಚ್ಚಿದ್ದು ಫಿಸಿಯೋ ಶುರುವಾದ ದಿನ ಎಳೆಯುತ್ತದೆ.

ಥಿಯೇಟರ್‌ನಲ್ಲಿ ಎಡವುವ ಜಾಗಗಳು

ಕಾಟರಿಯ ಕರೆಂಟ್ ಮೈಯಿಂದ ವಾಪಸ್ ಹೋಗಲೆಂದು ಅಂಟಿಸುವ ಕಾಟರಿ ಪ್ಲೇಟ್ ಇಡಿಯಾಗಿ ಚರ್ಮಕ್ಕೆ ಕೂತಿರಬೇಕು. ಹಾಗಾಗಿ ಅದರಡಿ ಬ್ಯಾರಿಯರ್ ಫಿಲ್ಮ್, ಎಣ್ಣೆ ಏನೂ ಇರಕೂಡದು. ಮಾಂಸಖಂಡ ತುಂಬಿದ ತೊಡೆಯ ಮೇಲಿರಲಿ. ಎಲುಬು ಏಳುವ ಕಡೆ, ಹಳೆಯ ಕಲೆ, ಒಳಗೆ ಲೋಹವಿರುವ ಜಾಗ ಬಿಡಿ. ಕಿತ್ತ ಪ್ಲೇಟನ್ನು ಮತ್ತೆ ಅಂಟಿಸುವ ಜುಗ್ಗತನ ಬೇಡ, ಅಂಟು ಸರಿಯಾಗಿ ಕೂರದ ಕಡೆ ಸುಡುತ್ತದೆ. ಪ್ಲೇಟಿನ ಜಾಗದಲ್ಲಿ ಗಾಯ ಕಂಡರೆ ಅದು ಸುಲಿತವೋ ಸುಟ್ಟಿದ್ದೋ ಎಂದು ಸರ್ಜನ್ ನೋಡಲೇಬೇಕು. ಇಸಿಜಿ ಎಲೆಕ್ಟ್ರೋಡಿನ ಜೆಲ್ಲಿನ ಕೆಳಗೂ ಫಿಲ್ಮ್ ಬೇಡ.

ಉಸಿರಿನ ನಳಿಗೆಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ: ತೊಗಲಿಗಿಂತ ಉಸಿರು ಮೊದಲು. ಅಲ್ಲಿ ಗಟ್ಟಿ ಪಟ್ಟಿಯೇ ಇರಲಿ. ಮುಖದ ಎಣ್ಣೆ, ಬೆವರು ಒರೆಸಿ, ಹೆಚ್ಚು ಅಲುಗಾಡದ ಮೇಲ್ದವಡೆಯ ಕಡೆ ಹಚ್ಚಿ, ಕಿವಿ ಮಡಚಿ. ಮೀಸೆ ಗಡ್ಡದವರಿಗೆ ಲಾಡಿ ಕಟ್ಟುವುದು ವಾಸಿ. ಕಣ್ಣುರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು. ಕಾಗದದ ಪಟ್ಟಿ ಬಿಟ್ಟು ಬೇರೇನೂ ಬೇಡ. ತೆಗೆಯುವಾಗ ರೆಪ್ಪೆಯನ್ನು ಬೆರಳಿನಿಂದ ಹಿಡಿದು ಮೇಲಿನಿಂದ ಕೆಳಕ್ಕೆ, ಕಣ್ಣು ತೆರೆಯದಂತೆ.

ಕುತ್ತಿಗೆಯ ಬೆನ್ನೆಲುಬಿನ ಆಪರೇಷನ್‌ನಲ್ಲಿ ಭುಜ ಕೆಳಗೆಳೆದು ಕಟ್ಟುವುದು, ಸಿಸೇರಿಯನ್‌ನಲ್ಲಿ ದಪ್ಪ ಹೊಟ್ಟೆಯನ್ನು ಮೇಲೆತ್ತಿ ಹಿಡಿಯುವುದು: ಇಲ್ಲಿ ಎಳೆಯುವುದೇ ಪಟ್ಟಿಯ ಕೆಲಸ, ಹಾಗಾಗಿ "ಎಳೆಯಬೇಡಿ" ಎಂಬ ಮಾತು ನಡೆಯುವುದಿಲ್ಲ. ಆಗ ಮೊದಲು ಚರ್ಮಕ್ಕೆ ಹೈಡ್ರೋಕೊಲಾಯ್ಡ್ ಎಂಬ ಮೆತ್ತನೆಯ ಅಂಟುಹಾಳೆ ಅಂಟಿಸಿ ಅದರ ಮೇಲೆ ಪಟ್ಟಿ ಹಚ್ಚಿ, ಅಗಲ ಪಟ್ಟಿಯಿಂದ ಭಾರ ಹಂಚಿ, ಕೆಲಸ ಮುಗಿದೊಡನೆ ಸಡಿಲಿಸಿ. ಕೈಗಳನ್ನು ಬೋರ್ಡಿಗೆ ಪಟ್ಟಿಯಿಂದ ಬಿಗಿಯುವ ಚಾಳಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಹತ್ತಿಯ ರೋಲ್ ಸುತ್ತಿ ಬೆಲ್ಟ್ ಹಾಕಿ.

ಚರ್ಮಕ್ಕೆ ಅಂಟುವ ಅಯೋಡಿನ್ ಡ್ರೇಪ್ ಎಲ್ಲಕ್ಕಿಂತ ಬಿಗಿ. ಮೊದಲ ಸಾಲಿನಲ್ಲಿ ಹೇಳಿದ ಅಜ್ಜಿಯಂಥವರ ತೊಗಲು ಹೋಗುವುದು ಬಹಳ ಸಲ ಇದರಿಂದ ಅಥವಾ ಬದಿಯ ಬಟ್ಟೆಯ ಅಂಟಂಚಿನಿಂದ. ಹೊಲಿಗೆ ಮುಗಿದ ಕೂಡಲೇ ಒಂದೇ ಸಲ "ಸರ್ರ್" ಎಂದು ಎಳೆಯುವ ಆ ಕ್ಷಣವನ್ನು ತಡೆಯಿರಿ. ಇದು ಯಾರ ಕೆಲಸ ಎಂದು ಮುಂಚೆಯೇ ಗೊತ್ತು ಮಾಡಿ. ಎಲ್ಲರ ಕೆಲಸವಾದರೆ ಅವಸರದಲ್ಲಿರುವವನ ಕೈಗೇ ಅದು ಬೀಳುತ್ತದೆ.

ತೆಗೆಯುವ ಕ್ರಮ

ಕಿವಿ ಹಿಡಿಯಿರಿ. ಕಿವಿ ಬಿಟ್ಟಿಲ್ಲವಾದರೆ ಉಗುರು ಹಾಕಬೇಡಿ. ಇನ್ನೊಂದು ಚಿಕ್ಕ ಪಟ್ಟಿಯ ತುಂಡನ್ನು ಮೂಲೆಗೆ ಒತ್ತಿ, ಅದನ್ನೇ ಹಿಡಿಕೆಯಾಗಿಸಿ ಎಬ್ಬಿಸಿ.

ತುದಿ ಎದ್ದ ಮೇಲೆ ಪಟ್ಟಿಯನ್ನು ಮೇಲಕ್ಕೆ ಎತ್ತಬೇಡಿ, ಅದರ ಬೆನ್ನಿನ ಮೇಲೇ ಹಿಂದಕ್ಕೆ ಮಡಚಿ, ಚರ್ಮಕ್ಕೆ ತಾಗಿಕೊಂಡೇ ಎಳೆಯಿರಿ, ಚಾಪೆ ಸುತ್ತಿದಂತೆ. ಮೇಲಕ್ಕೆತ್ತಿದರೆ ತೊಗಲು ಗುಡಾರದಂತೆ ಎದ್ದು ಪದರಗಳು ಬಿಡುತ್ತವೆ. ಇನ್ನೊಂದು ಕೈಯ ಎರಡು ಬೆರಳು, ಪಟ್ಟಿ ಈಗಷ್ಟೇ ಬಿಟ್ಟ ತೊಗಲನ್ನು ಒತ್ತಿ ಹಿಡಿದು, ಪಟ್ಟಿಯ ಹಿಂದೆಯೇ ಹೆಜ್ಜೆ ಹಾಕುತ್ತಾ ಹೋಗಲಿ. ಕೂದಲು ಮಲಗಿದ ದಿಕ್ಕಿಗೇ ಎಳೆಯಿರಿ. ಅಂಟಿನ ಗೆರೆಯ ಮೇಲೇ ಕಣ್ಣಿಡಿ: ಆ ಗೆರೆ ಸಮವಾಗಿ ಹಿಂದೆ ಸರಿಯುತ್ತಿದ್ದರೆ ಸರಿ, ಎಲ್ಲಾದರೂ ತೊಗಲು ಪಟ್ಟಿಯೊಂದಿಗೆ ಏಳತೊಡಗಿದರೆ ಅಲ್ಲೇ ನಿಲ್ಲಿಸಿ. ಅಲ್ಲಿ ಒದ್ದೆ ಮಾಡಿ ಅಥವಾ ಎದುರು ತುದಿಯಿಂದ ಶುರು ಮಾಡಿ.

ಪಾರದರ್ಶಕ ಫಿಲ್ಮ್ ಡ್ರೆಸ್ಸಿಂಗಿಗೆ ಬೇರೆ ಉಪಾಯ. ಒಂದು ಮೂಲೆ ಎಬ್ಬಿಸಿ, ಚರ್ಮಕ್ಕೆ ಸಮನಾಗಿ ಹೊರಗಡೆಗೆ ಹಿಗ್ಗಿಸಿ. ಹಿಗ್ಗಿದಂತೆ ಅಂಟು ತಾನೇ ಬಿಡುತ್ತದೆ. ಕ್ಯಾನುಲಾ (ಸಲಾಯಿನ್ ಕೊಡಲು ನರಕ್ಕೆ ಹಾಕಿದ ಸಣ್ಣ ನಳಿಗೆ) ಇದ್ದರೆ ಅದನ್ನು ಇನ್ನೊಬ್ಬರು ಹಿಡಿದಿರಲಿ.

ಬಿಡದ ಅಂಟಿಗೆ ಸಿಲಿಕೋನ್ ರಿಮೂವರ್ ಸ್ಪ್ರೇ ಅಥವಾ ವೈಪ್ ಉತ್ತಮ. ಅದು ಆವಿಯಾಗುವುದರಿಂದ ಅಲ್ಲೇ ಹೊಸ ಪಟ್ಟಿ ಹಚ್ಚಬಹುದು. ಇಲ್ಲದಿದ್ದರೆ ಉಗುರುಬೆಚ್ಚಗಿನ ಸಲಾಯಿನ್‌ನಲ್ಲಿ ಅದ್ದಿದ ಗಾಜನ್ನು ಐದು ನಿಮಿಷ ಇಡಿ. ಲಿಕ್ವಿಡ್ ಪ್ಯಾರಾಫಿನ್, ಕೊಬ್ಬರಿ ಎಣ್ಣೆಯೂ ಕೆಲಸ ಮಾಡುತ್ತವೆ, ಆದರೆ ಮತ್ತೆ ಅಲ್ಲಿ ಪಟ್ಟಿ ಹಚ್ಚುವುದಿಲ್ಲ ಎಂದಿದ್ದರೆ ಮಾತ್ರ, ಮತ್ತು ಹೊಲಿಗೆಯಿಂದ ದೂರದಲ್ಲಿ. ಸ್ಪಿರಿಟ್ ಹತ್ತಿ ಬೇಡ. ಒಣಗಿದ ತೊಗಲನ್ನು ಇನ್ನಷ್ಟು ಒಣಗಿಸುತ್ತದೆ, ಹಸಿ ಜಾಗಕ್ಕೆ ತಾಗಿದರೆ ಜೀವ ಹೋಗುವಂತೆ ಉರಿಯುತ್ತದೆ. ಕೂಸುಗಳಿಗೆ ಬೆಚ್ಚನೆಯ ನೀರೇ ಸಾಕು; ಅವರ ತೊಗಲು ಹಚ್ಚಿದ್ದನ್ನೆಲ್ಲ ಹೀರುತ್ತದೆ.

ಅಂಗೈಯಗಲದ ಡ್ರೆಸ್ಸಿಂಗನ್ನು ಹೀಗೆ ತೆಗೆಯಲು ಎರಡು ಮೂರು ನಿಮಿಷ ಬೇಕು. ಕಿತ್ತರೆ ಎರಡು ಸೆಕೆಂಡು, ಆಮೇಲೆ ಎರಡು ವಾರದ ಡ್ರೆಸ್ಸಿಂಗು.

ಆದರೂ ಹರಿದರೆ

ಪಟ್ಟಿ ಮುಚ್ಚಿ ಸುಮ್ಮನಿರಬೇಡಿ. ರಕ್ತ ಬರುತ್ತಿದ್ದರೆ ಗಾಜಿನಿಂದ ಮೆಲ್ಲಗೆ ಒತ್ತಿ, ಸಲಾಯಿನ್‌ನಿಂದ ತೊಳೆಯಿರಿ. ತೊಗಲಿನ ಪದರ ಜೋತಿದ್ದರೆ ಕತ್ತರಿಸಿ ಎಸೆಯಬೇಡಿ, ಅದೇ ಅತ್ಯುತ್ತಮ ಡ್ರೆಸ್ಸಿಂಗು. ಒದ್ದೆ ಹತ್ತಿಕಡ್ಡಿಯನ್ನು ಉರುಳಿಸುತ್ತಾ, ಎಳೆಯದೆ, ಎಷ್ಟು ಬರುತ್ತದೋ ಅಷ್ಟು ಜಾಗಕ್ಕೆ ಮರಳಿ ಹೊದಿಸಿ. ಮೇಲೆ ಅಂಟದ ಡ್ರೆಸ್ಸಿಂಗು. ಸಿಲಿಕೋನಿನದು ಇಲ್ಲದಿದ್ದರೆ ಪ್ಯಾರಾಫಿನ್ ಗಾಜು. ಅದರ ಮೇಲೆ ರೋಲರ್ ಬ್ಯಾಂಡೇಜ್, ಪಟ್ಟಿ ಬ್ಯಾಂಡೇಜಿಗೆ ಮಾತ್ರ ಅಂಟಲಿ. ಪದರ ಹೊದಿಸಿದ ದಿಕ್ಕಿಗೆ ಡ್ರೆಸ್ಸಿಂಗಿನ ಮೇಲೆ ಬಾಣದ ಗುರುತು ಹಾಕಿ. ಮುಂದೆ ತೆಗೆಯುವವರು ಅದೇ ದಿಕ್ಕಿಗೆ ತೆಗೆದರೆ ಕೂಡಿಕೊಂಡ ಪದರ ಮತ್ತೆ ಏಳುವುದಿಲ್ಲ.

ಗುಳ್ಳೆಯನ್ನು ಒಡೆಯಬೇಡಿ. ಅದನ್ನೆಬ್ಬಿಸಿದ ಪಟ್ಟಿ ತೆಗೆದು, ಮೆತ್ತನೆಯ ಹೊದಿಕೆ ಹಾಕಿ ಬಿಡಿ. ಅಲರ್ಜಿಯೋ ಬರೀ ಉರಿಯೋ ಎಂಬ ಅನುಮಾನಕ್ಕೆ ಆಕಾರ ನೋಡಿ: ಗುರುತು ಪಟ್ಟಿಯ ಅಳತೆಗೇ ಕತ್ತರಿಸಿಟ್ಟಂತಿದ್ದರೆ ಬಹುಮಟ್ಟಿಗೆ ಉರಿ, ಅಂಚು ದಾಟಿ ಹಬ್ಬಿ, ಒಂದೆರಡು ದಿನ ತಡವಾಗಿ ವಿಪರೀತ ತುರಿಸಿದರೆ ಅಲರ್ಜಿ, ಚರ್ಮದ ಡಾಕ್ಟರರಿಗೆ ತೋರಿಸಿ.

ಅಳತೆಯನ್ನು ಸೆಂಟಿಮೀಟರಿನಲ್ಲಿ, ಯಾವ ಪಟ್ಟಿ, ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆದಿಡಿ. ಮನೆಯವರಿಗೆ ನೀವೇ ಮೊದಲು ಹೇಳಿ. ತಾವಾಗಿ ಕಂಡುಕೊಂಡಾಗ ಬರುವ ಸಿಟ್ಟು ಗಾಯಕ್ಕಿಂತ ದೊಡ್ಡದು.

ಮನೆಗೆ ಹೋದ ಮೇಲೆ

ಡ್ರೆಸ್ಸಿಂಗ್ ತೆಗೆಯಲು ಹೇಳಿದ ದಿನ ಅವಸರ ಮಾಡಬೇಡಿ. ಗಾಯಕ್ಕೆ ನೀರು ತಾಗಿಸಬಹುದು ಎಂದು ಡಾಕ್ಟರ್ ಹೇಳಿದ್ದರೆ ಬೆಚ್ಚನೆಯ ನೀರಿನಲ್ಲಿ ಪಟ್ಟಿ ನೆನೆಸಿ, ಮೇಲೆ ಹೇಳಿದಂತೆ ಚಾಪೆ ಸುತ್ತಿ. ಉಳಿದ ಅಂಟಿನ ಕರೆಯನ್ನು ಎಣ್ಣೆ ಹಚ್ಚಿ ಒಂದೆರಡು ದಿನದಲ್ಲಿ ತೆಗೆದರಾಯಿತು, ಅದೇನೂ ಕೊಳೆಯಲ್ಲ. ಸೀಮೆಎಣ್ಣೆ, ಪೆಟ್ರೋಲ್, ನೇಲ್‌ಪಾಲಿಷ್ ರಿಮೂವರ್ ಯಾವುದೂ ಬೇಡ. ಕಿತ್ತ ತೊಗಲಿಗೆ ಅರಿಷಿಣ ಪುಡಿ, ಟೂತ್‌ಪೇಸ್ಟ್, ಬೂದಿ ಹಾಕಿದರೆ ಡಾಕ್ಟರ್ ಅದನ್ನೆಲ್ಲ ಮತ್ತೆ ತೊಳೆದು ತೆಗೆಯಬೇಕಾಗುತ್ತದೆ, ಆ ನೋವು ಬೇರೆ.

ವಾಸಿಯಾದ ಮೇಲೆ ಕಪ್ಪು ಕಲೆ ವಾರಗಳಿಂದ ತಿಂಗಳುಗಳವರೆಗೆ ಉಳಿಯಬಹುದು, ಹೆದರಬೇಡಿ. ಸುತ್ತಲಿನ ಚರ್ಮ ಬಿಸಿಯಾಗಿ ಹಬ್ಬುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ತೋರಿಸಿ. ಶುಗರ್ ಇರುವವರ ಕಾಲಿನಲ್ಲಾದರೆ ಇವು ಯಾವುದಕ್ಕೂ ಕಾಯಬೇಡಿ. ಹುಬ್ಬಳ್ಳಿಯ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಿರಲಿ, ಗದಗ ಹಾವೇರಿಯ ಜಿಲ್ಲಾಸ್ಪತ್ರೆಯಿರಲಿ, ಆಪರೇಷನ್ ಎಲ್ಲೇ ಆಗಿದ್ದರೂ ಗಾಯ ತೋರಿಸಬಹುದು. ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ. ಯಾವ ಪಟ್ಟಿಗೆ ತೊಗಲು ಕೆಟ್ಟಿತು ಎಂಬುದನ್ನು ಅದೇ ಕಾರ್ಡಿನಲ್ಲಿ, ಔಷಧಿ ಅಲರ್ಜಿಯ ಸಾಲಿನಲ್ಲೇ ಬರೆಸಿಕೊಂಡು ಬನ್ನಿ.